ನಂಬಿಕೆಯ ವಿಷಯವನ್ನು ಸಭೆಯಲ್ಲಿ ಚರ್ಚಿಸಿದವರು ಅನುಭವ ತಿಳಿಸಿ

ಪ್ರಶ್ನೆ: ನಮ್ಮ ಊರಿನ ಗ್ರಂಥಾಲಯದಲ್ಲಿ ಪ್ರತಿ ತಿಂಗಳೂ ನಡೆಯುವ ಚರ್ಚೆಯ ಹೊಣೆ ನನ್ನದು. ಕಳೆದ ಬಾರಿ ಹರಕೆಗಳ ಮಾತು ಬಂದಾಗ ಇಬ್ಬರು ಎದ್ದು ಹೊರನಡೆದರು. ರಾಜಕೀಯದ ಬಗ್ಗೆ ಜೋರಾಗಿ ವಾದಿಸಿಯೂ ಒಟ್ಟಿಗೆ ಚಹಾ ಕುಡಿಯುವವರು ಧಾರ್ಮಿಕ ನಂಬಿಕೆಯ ಮಾತಿಗೆ ಇಷ್ಟು ನೋಯುವುದೇಕೆ? ಇಂಥ ಚರ್ಚೆಯನ್ನು ಹೇಗೆ ನಡೆಸಬೇಕು?

ಉತ್ತರ 1: ನಾನು ದಕ್ಷಿಣ ಕನ್ನಡದಲ್ಲಿ ಬಹುಕಾಲ ಸಮಾಜ ವಿಜ್ಞಾನ ಕಲಿಸಿದ ಶಿಕ್ಷಕ. ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನದ ವಿವಾದ ಬಿಸಿಯಾಗಿದ್ದ ವರ್ಷಗಳಲ್ಲಿ ನಮ್ಮ ಓದುಗರ ಬಳಗದಲ್ಲಿ ಅದರ ಚರ್ಚೆ ಏರ್ಪಡಿಸಿದ್ದೆ. ಚಂಪಾಷಷ್ಠಿಯ ಸಮಯದಲ್ಲಿ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಭಕ್ತರು ಉರುಳುವ ಈ ಹರಕೆ ಮನುಷ್ಯನ ಘನತೆಗೆ ಕುಂದು ಎಂದು ನಾನು ಆರಂಭದಲ್ಲೇ ಹೇಳಿಬಿಟ್ಟೆ. ಆ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ; ಆದರೆ ಅದನ್ನು ಹೇಳಿದ ಹೊತ್ತು ತಪ್ಪಾಗಿತ್ತು. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು, ತಮ್ಮ ಮೈಮೇಲೆ ಬಿಳಿ ಮಚ್ಚೆ ಕಾಣಿಸಿಕೊಂಡಾಗ ಅವ್ವ ಈ ಹರಕೆ ಹೊತ್ತದ್ದನ್ನೂ ತಾವೇ ಅದನ್ನು ತೀರಿಸಿದ್ದನ್ನೂ ಹೇಳಿ, "ನನ್ನ ಅವ್ವ ಘನತೆಯಿಲ್ಲದವಳೇ, ಮಾಷ್ಟ್ರೇ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಒಂದು ಆಚರಣೆಯನ್ನು ಕುರಿತು ಮಾತನಾಡಿದ್ದೆ, ಅವರಿಗೆ ಕೇಳಿಸಿದ್ದು ಅವ್ವನ ಮೇಲಿನ ತೀರ್ಪು. ರಾಜಕೀಯದ ಅಭಿಪ್ರಾಯವನ್ನು ನಾವು ಬೆಳೆದ ಮೇಲೆ ಆರಿಸಿಕೊಂಡಿರುತ್ತೇವೆ, ಹಾಗಾಗಿ ಅದನ್ನು ಬಿಡಲೂಬಹುದು. ನಂಬಿಕೆಯಾದರೋ ಕಾಯಿಲೆ, ಬಸಿರು, ಸಾವು ಇವುಗಳ ನಡುವೆ ಮನೆಯವರ ಕೈಯಿಂದ ನಮಗೆ ಬಂದಿರುತ್ತದೆ, ಅದನ್ನು ಪ್ರಶ್ನಿಸಿದರೆ ಆ ಕೈಯನ್ನೇ ತಳ್ಳಿದಂತಾಗುತ್ತದೆ. ಅದರ ಜೊತೆಗೆ ಸಮುದಾಯದ ಸ್ಥಾನಮಾನವೂ ಸೇರಿಕೊಂಡಿರುತ್ತದೆ. ಕುಕ್ಕೆಯಲ್ಲಿ ಬೆತ್ತದಿಂದ ರಥ ಕಟ್ಟುವ ಮಲೆಕುಡಿಯ ಬುಡಕಟ್ಟು ಸಮುದಾಯದವರಲ್ಲೇ ಅನೇಕರು ಈ ಹರಕೆ ಮುಂದುವರಿಯಲಿ ಎಂದು ಒತ್ತಾಯಿಸಿದ್ದರು. ಯಾರ ಘನತೆಗಾಗಿ ನಾವು ವಾದಿಸುತ್ತಿದ್ದೆವೋ ಅವರೇ ನಮ್ಮ ವಾದದಿಂದ ನೊಂದದ್ದು ನನ್ನನ್ನು ಬಹಳ ಕಾಲ ಕಾಡಿತು.

ಕಾನೂನೂ ಈ ಗೆರೆಯನ್ನು ಎಚ್ಚರದಿಂದಲೇ ಎಳೆದಿದೆ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯನ್ನೂ ಹೇಳುತ್ತದೆ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯು ಎಂಜಲೆಲೆಯ ಮೇಲೆ ಉರುಳುವುದನ್ನು ತಡೆಯಿತು, ಆದರೆ ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗಳನ್ನು ಮುಟ್ಟಲಿಲ್ಲ. ಹಾನಿಯನ್ನು ತಡೆಯಬೇಕು, ಭಕ್ತಿಯನ್ನು ಹಾಗೆಯೇ ಬಿಡಬೇಕು ಎಂಬ ಈ ವಿವೇಚನೆ ಸಭೆ ನಡೆಸುವವರಿಗೂ ಬೇಕು.

ಆ ಘಟನೆಯ ನಂತರ ನಾನು ರೂಢಿಸಿಕೊಂಡದ್ದು ಇಷ್ಟು: ಆಚರಣೆ ಸರಿಯೋ ತಪ್ಪೋ ಎಂದು ಕೇಳುವ ಮೊದಲು, ಅದು ನಿಮ್ಮ ಮನೆಗೆ ಹೇಗೆ ಬಂತು ಎಂದು ಕೇಳುತ್ತೇನೆ. ಆಚರಿಸಿದವರು ಪೂರ್ತಿ ಹೇಳಿ ಮುಗಿಸುವ ತನಕ ವಿರೋಧಿಸುವವರಿಗೆ, ನನಗೂ ಸೇರಿ, ಮಾತಿನ ಸರದಿ ಇಲ್ಲ.

ಉತ್ತರ 2: ನಾನು ವಕೀಲೆ, ಮೇಷ್ಟ್ರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಜನರು ನೋವಿನಿಂದ ಮಾತ್ರವಲ್ಲ, ಭಯದಿಂದಲೂ ಸುಮ್ಮನಾಗುತ್ತಾರೆ. ಧಾರ್ಮಿಕ ಭಾವನೆಗೆ ಧಕ್ಕೆ ತರುವುದನ್ನು ಅಪರಾಧವಾಗಿಸಿದ, ಹಿಂದಿನ ಭಾರತೀಯ ದಂಡ ಸಂಹಿತೆಯ 295ಎ ಕಲಮು 1927ರಲ್ಲಿ ಬಂತು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಾಗಿದೆ. ಉದ್ದೇಶಪೂರ್ವಕವಾದ, ದುರುದ್ದೇಶದ ಅವಮಾನಕ್ಕಷ್ಟೇ ಅದು ಅನ್ವಯಿಸುತ್ತದೆಂದು ಸಭೆಯ ಆರಂಭದಲ್ಲಿ ತಿಳಿಸಿ. ಪ್ರಾಮಾಣಿಕವಾಗಿ ಪ್ರಶ್ನೆ ಕೇಳುವವರಿಗೆ ಧೈರ್ಯ ಬರುತ್ತದೆ. ಮತ್ತು ಮೊದಲ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಧರ್ಮದ ಆಚರಣೆಯ ಬಗ್ಗೆ ಮಾತ್ರ ಮಾತನಾಡಲಿ. ನಮ್ಮ ಬಡಾವಣೆಯಲ್ಲಿ ಹೀಗೆ ಶುರುಮಾಡಿದ ಚರ್ಚೆಯಲ್ಲಿ ಮೂರನೆಯ ತಿಂಗಳ ಹೊತ್ತಿಗೆ ಬೇರೆ ಧರ್ಮದವರು ಒಬ್ಬರನ್ನೊಬ್ಬರು ತಾವಾಗಿಯೇ ಪ್ರಶ್ನೆ ಕೇಳತೊಡಗಿದರು.