ಸಹಾಯ ಬೇಕು: ಎಚ್. ಪೈಲೋರಿ ಮಾತ್ರೆ ಶುರುವಾದ ಮೇಲೆ ಅಮ್ಮನ ಮೂತ್ರ ಕಂದು ಬಣ್ಣ

ನಮಸ್ಕಾರ. ಅಮ್ಮನಿಗೆ 58 ವರ್ಷ, ತುಂಬಾ ವರ್ಷದಿಂದ ಗ್ಯಾಸ್ಟ್ರೈಟಿಸ್. ಎಂಡೋಸ್ಕೋಪಿ ಮಾಡಿಸಿದಾಗ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದೆ ಅಂತ ಗೊತ್ತಾಯಿತು. ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್, ಜೊತೆಗೆ ಆಸಿಡ್ ಕಮ್ಮಿ ಮಾಡುವ ಮಾತ್ರೆ, ಒಟ್ಟು 14 ದಿನ. ಇವತ್ತು 8ನೇ ದಿನ.

ಮೊನ್ನೆಯಿಂದ ಮೂತ್ರ ಹಾಲು ಹಾಕದ ಟೀ ಡಿಕಾಕ್ಷನ್ ಥರ ಕಾಣುತ್ತಿದೆ. ಬಿಸ್ಮತ್‌ನಿಂದ ನಾಲಿಗೆ, ಮಲ ಕಪ್ಪಾಗುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಮೂತ್ರದ ಬಗ್ಗೆ ಮಾತೇ ಬಂದಿರಲಿಲ್ಲ. ನೀರು ಜಾಸ್ತಿ ಕುಡಿಸಿದೆ, ಬಣ್ಣ ತಿಳಿಯಾಗಲಿಲ್ಲ. ಮಾತ್ರೆ ಜೊತೆಗಿನ ಚೀಟಿಯಲ್ಲಿ ಮೆಟ್ರೊನಿಡಜೋಲ್‌ನಿಂದ ಮೂತ್ರ ಕಪ್ಪಾಗಬಹುದು ಅಂತಿದೆ. ಆದರೆ ಲಿವರ್ ತೊಂದರೆ ಆದರೂ ಹೀಗೇ ಆಗುತ್ತದೆ ಅಲ್ವಾ? ಮೂತ್ರ ಪರೀಕ್ಷೆಯಲ್ಲಿ ಬಿಲಿರುಬಿನ್ (ಲಿವರ್ ತೊಂದರೆಯಾದರೆ ಮೂತ್ರದಲ್ಲಿ ಕಾಣಿಸಬಹುದಾದ ಹಳದಿ ವಸ್ತು) ಇಲ್ಲ, ರಕ್ತವೂ ಇಲ್ಲ. ಕಣ್ಣು ಹಳದಿಯಾಗಿಲ್ಲ.

ಬೆಳಗ್ಗೆ ಅಮ್ಮ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಅರ್ಧ ಗಂಟೆ ಸುಮ್ನೆ ಕೂತಿದ್ದರು. ನೋಡಿ ಸಂಕಟವಾಯಿತು. ಮಧ್ಯೆ ಬಿಟ್ಟರೆ ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ, ಆಮೇಲೆ ಅದೇ ಔಷಧಿಗೆ ಬಗ್ಗುವುದೂ ಕಷ್ಟ. ನಮ್ಮ ಡಾಕ್ಟರ್ ಸಿಗುವುದು ಸೋಮವಾರ.

ಈ ಕೋರ್ಸ್ ಮುಗಿಸಿದವರು, ಡಾಕ್ಟರ್‌ಗಳು ಇದ್ದರೆ ದಯವಿಟ್ಟು ಹೇಳಿ: ಮೂತ್ರದಲ್ಲಿ ಬಿಲಿರುಬಿನ್ ಇಲ್ಲ ಅಂದರೆ ಇದು ಮಾತ್ರೆಯ ಬಣ್ಣವೇ ಅಂದುಕೊಂಡು ಮುಂದುವರಿಸಬಹುದಾ, ಅಥವಾ ಸೋಮವಾರಕ್ಕೆ ಕಾಯದೆ ಲಿವರ್ ರಕ್ತಪರೀಕ್ಷೆ ಮಾಡಿಸಲೇಬೇಕಾ?