ಚೆರ್ರಿ ಕೌಂಟಿ, ನೆಬ್ರಾಸ್ಕ: ಇಷ್ಟು ದೊಡ್ಡ ಜಾಗದಲ್ಲಿ ಇಷ್ಟು ಕಮ್ಮಿ ಜನ ಯಾಕೆ?

ಒಮಾಹಾವಾಸಿ:
ಹೋದ ತಿಂಗಳು ಒಮಾಹಾದಿಂದ ಬ್ಲ್ಯಾಕ್ ಹಿಲ್ಸ್ ಕಡೆ ಕಾರಲ್ಲಿ ಹೊರಟಿದ್ದೆವು. ದೊಡ್ಡ ಹೆದ್ದಾರಿ ಬೇಡ ಅಂತ 20ನೇ ನಂಬರ್ ರಸ್ತೆ ಹಿಡಿದೆವು. ರಾತ್ರಿ ವ್ಯಾಲೆಂಟೈನ್ ಎಂಬ ಊರಲ್ಲಿ ತಂಗಿ ಬೆಳಿಗ್ಗೆ ಎಂಟಕ್ಕೆ ಬಿಟ್ಟೆವು. ಒಂದು ಗಂಟೆ ಓಡಿಸಿ ಮೆರಿಮನ್ ತಲುಪಿದರೆ ಫೋನಿನಲ್ಲಿ ಇನ್ನೂ ಎಂಟೇ ಗಂಟೆ! ನನ್ನ ಫೋನ್ ಕೆಟ್ಟಿತು ಅಂದುಕೊಂಡೆ. ಹೆಂಡತಿ ಫೋನೂ ಅದನ್ನೇ ಹೇಳಿತು.

ಮ್ಯಾಪ್ ತೆಗೆದು ನೋಡಿದರೆ ಎರಡೂ ಊರು ಒಂದೇ ಕೌಂಟಿ (ನಮ್ಮ ಜಿಲ್ಲೆ ಥರ), ಚೆರ್ರಿ ಕೌಂಟಿ. ಕನೆಕ್ಟಿಕಟ್ ರಾಜ್ಯಕ್ಕಿಂತ ದೊಡ್ಡದಂತೆ. 2020ರ ಜನಗಣತಿಯಲ್ಲಿ ಜನ ಎಷ್ಟು ಗೊತ್ತಾ? 5,455. ದಾರಿಯುದ್ದಕ್ಕೂ ಹುಲ್ಲು ಹೊದ್ದ ದಿಬ್ಬಗಳು, ಅಲ್ಲಲ್ಲಿ ಕರಿ ದನ, ಒಂದೊಂದು ಗಾಳಿಗಿರಣಿ. ನೆಬ್ರಾಸ್ಕ ಅಂದರೆ ಮುಸುಕಿನ ಜೋಳ ಅಲ್ವಾ? ಇಲ್ಲಿ ಒಂದು ಹೊಲವೂ ಕಾಣಲಿಲ್ಲ. ಯಾರೂ ಈ ಜಾಗಕ್ಕೆ ಬರಲೇ ಇಲ್ಲವಾ? ಮಗಳಂತೂ "ಚೆರ್ರಿ ಮರ ಎಲ್ಲಿ, ಚೆರ್ರಿ ಮರ ಎಲ್ಲಿ" ಅಂತ ತಲೆ ತಿಂದಳು. ಆ ಕಡೆ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ.

ಗಡಿಬಿಡಿ:
ಟೈಮ್ ಝೋನ್ ಗೆರೆ ಆ ಕೌಂಟಿಯನ್ನೇ ಸೀಳಿಕೊಂಡು ಹೋಗುತ್ತದೆ ಸಾರ್. ಪೂರ್ವದ ಕಡೆ ಸೆಂಟ್ರಲ್, ಪಶ್ಚಿಮದ ಕಡೆ ಮೌಂಟನ್, ಅದು ಒಂದು ಗಂಟೆ ಹಿಂದೆ. ಫೋನ್ ಸರಿಯಾಗೇ ಇದೆ. ಉಳಿದದ್ದು ನನಗೆ ಗೊತ್ತಿಲ್ಲ.

ಬಾವಿಟೇಪು:
ಓದುವಾಗ ಮೂರು ಬೇಸಿಗೆ ಆ ದಿಬ್ಬಗಳಲ್ಲಿ ಬಾವಿ ಅಳೆದವನು ನಾನು. ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಮಗಳಿಗೆ ಉತ್ತರ. ಚೆರ್ರಿ ಅಂದರೆ ಇಲ್ಲಿ ಹಣ್ಣಲ್ಲ, ಮನುಷ್ಯ. ಸ್ಯಾಮ್ಯುಯೆಲ್ ಚೆರ್ರಿ ಅಂತ ಒಬ್ಬ ಲೆಫ್ಟಿನೆಂಟ್, ಹತ್ತಿರದ ಫೋರ್ಟ್ ನಯೋಬ್ರಾರಾ ಕೋಟೆಯವನು. 1881ರಲ್ಲಿ ದರೋಡೆಕೋರರನ್ನು ಹುಡುಕಿಕೊಂಡು ಹೋದಾಗ ತನ್ನದೇ ತುಕಡಿಯ ಸೈನಿಕನ ಗುಂಡಿಗೆ ಸತ್ತ. 1883ರಲ್ಲಿ ಕೌಂಟಿ ಮಾಡಿದಾಗ ಅವನ ಹೆಸರಿಟ್ಟರು. ವ್ಯಾಲೆಂಟೈನ್ ಕೂಡ ಪ್ರೇಮಿಗಳ ಸಂತನಲ್ಲ, ಎಡ್ವರ್ಡ್ ವ್ಯಾಲೆಂಟೈನ್ ಎಂಬ ಸಂಸದ. ಆದರೂ ಪ್ರತಿ ಫೆಬ್ರವರಿ ದೂರದೂರದಿಂದ ಕಾರ್ಡುಗಳು ಅಲ್ಲಿನ ಅಂಚೆ ಕಚೇರಿಗೆ ಬರುತ್ತವೆ, ಊರ ಹೆಸರಿನ ಮುದ್ರೆ ಒತ್ತಿಸಿಕೊಂಡು ಹೋಗುತ್ತವೆ. ಸಂಸದರ ಹೆಸರು ಇಷ್ಟು ಉಪಯೋಗಕ್ಕೆ ಬಂದದ್ದು ಅಪರೂಪ!

ಈಗ ಮುಖ್ಯ ವಿಷಯ. ನೀವು ಗುಡ್ಡ ಅಂದುಕೊಂಡು ನೋಡಿದ್ದು ಮಣ್ಣಲ್ಲ, ಶುದ್ಧ ಮರಳು. ಸ್ಯಾಂಡ್‌ಹಿಲ್ಸ್ ಅಂತಲೇ ಹೆಸರು. ಸುಮಾರು 19,000 ಚದರ ಮೈಲಿ ಹರಡಿದೆ. ಅಮೆರಿಕ ಖಂಡಗಳಲ್ಲೇ ಅತಿ ದೊಡ್ಡ ಮರಳು ದಿಬ್ಬದ ಪ್ರದೇಶ. ಮೇಲೆ ಹುಲ್ಲಿನ ತೆಳು ಚಾಪೆ ಹಾಸಿದೆ, ಅಷ್ಟೇ. ಆ ಚಾಪೆ ಒಂದು ಕಡೆ ಹರಿದರೆ ಗಾಳಿ ಒಳಗಿನ ಮರಳನ್ನು ಎತ್ತಿಕೊಂಡು ಹೋಗುತ್ತದೆ, ಬಟ್ಟಲಿನಂಥ ಗುಂಡಿ ಬೀಳುತ್ತದೆ. ಇದಕ್ಕೆ ಅವರು ಬ್ಲೋಔಟ್ ಅನ್ನುತ್ತಾರೆ. ದಿಬ್ಬದ ಓರೆಯಲ್ಲಿ ಹಳೇ ಟಯರುಗಳ ರಾಶಿ ಕಂಡಿರಬಹುದು ನಿಮಗೆ. ಕಸ ಎಸೆದಿದ್ದಾರೆ ಅಂತ ಮೊದಲ ವಾರ ನಾನು ಬೈದುಕೊಂಡಿದ್ದೆ. ಅದು ಕಸವಲ್ಲ, ಬ್ಲೋಔಟಿಗೆ ಹಾಕಿದ ತೇಪೆ. ಗಾಳಿ ತಡೆದರೆ ಹುಲ್ಲು ಮತ್ತೆ ಹಿಡಿಯುತ್ತದೆ.

ಇಂಥ ಕಡೆ ನೇಗಿಲು ಹಾಕಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಮರಳು ಅಂದ ತಕ್ಷಣ ಮರುಭೂಮಿ ಅಂದುಕೊಳ್ಳಬೇಡಿ. ನಮ್ಮ ಕೆಲಸ ಹೀಗಿತ್ತು: ಸ್ಟೀಲ್ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಬೇಕು, ಬಾವಿ ಪೈಪಿಗೆ ಇಳಿಸಬೇಕು, ಮೇಲೆಳೆದು ಸುಣ್ಣ ಎಲ್ಲಿವರೆಗೆ ಒದ್ದೆಯಾಗಿದೆ ಅಂತ ಓದಬೇಕು. ದಿಬ್ಬಗಳ ನಡುವಿನ ತಗ್ಗಿನಲ್ಲಿ ಟೇಪು ಇನ್ನೂ ಕೈಯಲ್ಲಿ ಸರಿಯಾಗಿ ಕೂತಿರುವುದಿಲ್ಲ, ಆಗಲೇ ನೀರು! ಬಿದ್ದ ಮಳೆ ಹರಿದು ಹೋಗುವುದೇ ಇಲ್ಲ, ಮರಳು ಕುಡಿದುಬಿಡುತ್ತದೆ. ಕೆಳಗಿರುವುದು ಓಗಲಾಲಾ ಅಂತರ್ಜಲ. ದಕ್ಷಿಣದಲ್ಲಿ ಕಾನ್ಸಸ್, ಟೆಕ್ಸಸ್ ಕಡೆ ಇದೇ ನೀರು ವರ್ಷವರ್ಷ ಇಳಿಯುತ್ತಿದೆ. ಆದರೆ ಸ್ಯಾಂಡ್‌ಹಿಲ್ಸ್ ಕೆಳಗೆ ಅದರ ಅತಿ ದಪ್ಪ ಭಾಗವಿದೆ, ಕೆಲವೆಡೆ ಸಾವಿರ ಅಡಿಯಷ್ಟು. ತಗ್ಗುಗಳಲ್ಲಿ ಕಾಣುವ ಕೆರೆಗಳು ಯಾರೂ ಕಟ್ಟಿದ್ದಲ್ಲ. ಆ ನೀರೇ ನೆಲಕ್ಕೆ ಬಂದು ಇಣುಕುವುದು.

ನಯೋಬ್ರಾರಾ ನದಿ ಈ ಮರಳನ್ನು ಕೊರೆದುಕೊಂಡು ಹರಿಯುತ್ತದೆ. ಕೆಳಗಿನ ಗಟ್ಟಿ ಪದರ ನೀರನ್ನು ಒಳಗೆ ಬಿಡುವುದಿಲ್ಲ, ಅದಕ್ಕೆ ದಕ್ಷಿಣದ ದಂಡೆಯಲ್ಲಿ ಬುಗ್ಗೆಗಳು ಚಿಮ್ಮುತ್ತವೆ. ರಾಜ್ಯದ ಅತಿ ಎತ್ತರದ ಸ್ಮಿತ್ ಫಾಲ್ಸ್ ಕೂಡ ಬುಗ್ಗೆ ನೀರೇ. ಬೇಸಿಗೆಯಲ್ಲೂ ಅದರ ಕೆಳಗೆ ನಿಂತರೆ ಹಲ್ಲು ಕಟಕಟ ಅನ್ನುತ್ತದೆ. ಆ ತಂಪಿನಲ್ಲಿ ಉತ್ತರದ ಬಿಳಿ ಬರ್ಚ್ ಮರಗಳು ಇಂದಿಗೂ ಉಳಿದುಕೊಂಡಿವೆ. ಎದುರು ದಂಡೆಯಲ್ಲಿ ಪಶ್ಚಿಮದ ಪಾಂಡೆರೋಸಾ ಪೈನ್.

ಇನ್ನು "ಯಾರೂ ಬರಲೇ ಇಲ್ಲವಾ" ಅಂದಿರಲ್ಲ. ಈ ಇಡೀ ನೆಲ ಲಕೋಟಾ ಎಂಬ ಮೂಲನಿವಾಸಿ ಜನರ ಬೇಟೆಯ ನೆಲ. ಕೌಂಟಿಯ ಉತ್ತರದ ಗಡಿಗೆ ಅಂಟಿಕೊಂಡೇ ಅವರ ರೋಸ್‌ಬಡ್ ರಿಸರ್ವೇಶನ್, ಅಂದರೆ ಅವರಿಗೆ ಮೀಸಲಿಟ್ಟ ನೆಲ, ಇದೆ. ಬಿಳಿಯರು ಮಾತ್ರ ಮೊದಲು ದಿಬ್ಬಗಳ ಒಳಗೆ ಹೋಗಲು ಹೆದರುತ್ತಿದ್ದರು, ಹೋದರೆ ದಾರಿ ತಪ್ಪಿ ಸಾಯುತ್ತೇವೆ ಅಂತ. 1879ರ ವಸಂತದಲ್ಲಿ ಹಿಮಗಾಳಿ ಬೀಸಿತು. ನಯೋಬ್ರಾರಾ ದಂಡೆಯಲ್ಲಿ ದನ ಸಾಕುತ್ತಿದ್ದ ನ್ಯೂಮನ್ ರ‍್ಯಾಂಚಿನ ದನಗಳು ಗಾಳಿಗೆ ಬೆನ್ನು ಕೊಟ್ಟು ದಿಬ್ಬಗಳ ಒಳಗೆ ಹೊರಟುಹೋದವು. ಸತ್ತಿರುತ್ತವೆ ಅಂತ ಹುಡುಕಲು ಹೋದ ಕೌಬಾಯ್‌ಗಳಿಗೆ ಸಿಕ್ಕಿದ್ದು ಕೊಬ್ಬಿದ ದನಗಳು. ಅದೂ ತಮ್ಮವು ಮಾತ್ರವಲ್ಲ, ಮುಂಚೆ ಯಾವಾಗಲೋ ತಪ್ಪಿಸಿಕೊಂಡು ಅಲ್ಲೇ ಬೆಳೆದ, ಯಾರ ಗುರುತಿನ ಬರೆಯೂ ಇಲ್ಲದ ದನಗಳೂ ಇದ್ದವು. ಆ ಗುಂಪಿನಲ್ಲಿದ್ದ ಜಿಮ್ ಡಾಲ್‌ಮನ್ ಮುಂದೆ ನಿಮ್ಮ ಒಮಾಹಾಗೇ ಮೇಯರ್ ಆದ.

ಅಲ್ಲಿಂದ ದೊಡ್ಡ ರ‍್ಯಾಂಚುಗಳ ಕಾಲ. ನೆಲ ಸರ್ಕಾರದ್ದು, ಬೇಲಿ ಇವರದ್ದು. ಪಕ್ಕದ ಶೆರಿಡನ್ ಕೌಂಟಿಗೂ ಚಾಚಿದ್ದ ಸ್ಪೇಡ್ ರ‍್ಯಾಂಚಿನ ಬಾರ್ಟ್‌ಲೆಟ್ ರಿಚರ್ಡ್ಸ್ ಮೇಲೆ ಅಕ್ರಮ ಬೇಲಿಯ ಕೇಸು ಬಿತ್ತು. 1905ರಲ್ಲಿ ಶಿಕ್ಷೆಯೂ ಆಯಿತು: 300 ಡಾಲರ್ ದಂಡ, ಆರು ಗಂಟೆ ಮಾರ್ಷಲ್ (ಕೋರ್ಟಿನ ಪೊಲೀಸ್ ಅಧಿಕಾರಿ) ಸುಪರ್ದಿ. ಹೌದು, ಆರು ಗಂಟೆ! ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ ಸಿಟ್ಟಿಗೆದ್ದು ಆ ಮಾರ್ಷಲ್‌ನನ್ನೂ ಸರ್ಕಾರಿ ವಕೀಲನನ್ನೂ ಕೆಲಸದಿಂದ ತೆಗೆದ. ಮತ್ತೆ ಕೇಸು ಹಾಕಿದರು. ಹಳೇ ಸೈನಿಕರ, ಅವರ ವಿಧವೆಯರ ಹೆಸರಲ್ಲಿ ಅರ್ಜಿ ಹಾಕಿಸಿ ನೆಲ ಹೊಡೆದ ಆರೋಪ. ಈ ಸಲ ಒಂದು ವರ್ಷ ಜೈಲು. ರಿಚರ್ಡ್ಸ್ 1911ರಲ್ಲಿ ಶಿಕ್ಷೆ ಮುಗಿಯುವ ಮುಂಚೆಯೇ ತೀರಿಕೊಂಡ.

ಅಷ್ಟರಲ್ಲಿ ಇನ್ನೊಂದು ಕಾನೂನು ಬಂದಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆ ನೆಲೆಸಲು ಬಂದವರಿಗೆ ಕೊಡುತ್ತಿದ್ದದ್ದು 160 ಎಕರೆ ಸರ್ಕಾರಿ ನೆಲ. ಒಳ್ಳೇ ಮಣ್ಣಿಗೆ ಸಾಕು, ಮರಳಿಗೆ ಏನೂ ಅಲ್ಲ. ಮೋಸೆಸ್ ಕಿಂಕೇಡ್ ಎಂಬ ಸಂಸದ 1904ರಲ್ಲಿ ವಾಯವ್ಯ ನೆಬ್ರಾಸ್ಕಕ್ಕೆ ಮಾತ್ರ 640 ಎಕರೆ ಮಾಡಿಸಿದ. ಐದು ವರ್ಷ ಅಲ್ಲೇ ಬದುಕಬೇಕು, ಎಕರೆಗೆ 1.25 ಡಾಲರ್ ಬಾಳುವಷ್ಟು ಸುಧಾರಣೆ ತೋರಿಸಬೇಕು, ನೆಲ ನಿಮ್ಮದು. ಜನ ಮುಗಿಬಿದ್ದರು. ಮರ ಎಲ್ಲಿಂದ ತರುವುದು? ಹುಲ್ಲುಬೇರಿನ ಹೆಂಟೆಗಳನ್ನು ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟಿದರು, ಒಣ ಸಗಣಿ ಸುಟ್ಟು ಚಳಿಗಾಲ ಕಳೆದರು. 1920ರಲ್ಲಿ ಕೌಂಟಿಯ ಜನಸಂಖ್ಯೆ 11 ಸಾವಿರ ದಾಟಿತ್ತು. ಈಗಿನದರ ಎರಡರಷ್ಟು!

ಆದರೆ ಲೆಕ್ಕ ಕೂಡಲಿಲ್ಲ. ಅಲ್ಲಿ ಒಂದು ಹಸು, ಅದರ ಕರು ಬದುಕಲು ಹತ್ತು ಹದಿನೈದು ಎಕರೆ ಹುಲ್ಲು ಬೇಕು ಅಂತ ರ‍್ಯಾಂಚಿನವರ ಲೆಕ್ಕ. 640 ಎಕರೆಗೆ ಐವತ್ತು ಹಸು ಅಂದುಕೊಳ್ಳಿ. ಸಂಸಾರ ನಡೆಯುವುದಿಲ್ಲ. ಉತ್ತವರ ನೆಲ ಗಾಳಿಗೆ ಹೋಯಿತು. ಒಬ್ಬೊಬ್ಬರೇ ಪಕ್ಕದವನಿಗೆ ಮಾರಿ ಹೊರಟರು. ನಾನು ಅಳೆದ ಎಷ್ಟೋ ಬಾವಿಗಳ ಪಕ್ಕ ಮನೆಯಿಲ್ಲ, ಒಂದು ಲೈಲಾಕ್ ಗಿಡ ಮಾತ್ರ. ಯಾರೋ ಹೆಂಗಸು ಬಾಗಿಲ ಮುಂದೆ ನೆಟ್ಟದ್ದು. ನೀವು ನೋಡಿದ ಖಾಲಿತನ ಯಾರೂ ಬಾರದ ಖಾಲಿತನವಲ್ಲ, ಬಂದು ಎದ್ದುಹೋದವರದ್ದು.

ಪ್ರೈರಿ ಅಕ್ಕ:
ಬಾವಿಟೇಪು ಚೆನ್ನಾಗಿ ಬರೆದಿದ್ದೀರಿ. ಆದರೆ ಡಿವಿಟಿ ಎಂಬ ಊರನ್ನು ಬಿಟ್ಟುಬಿಟ್ಟಿರಿ! ಕಿಂಕೇಡ್ ಕಾಯ್ದೆಯ ಕಥೆಯಲ್ಲಿ ನನಗೆ ಅದೇ ಮುಖ್ಯ. 1907ರ ಸುಮಾರಿಗೆ ಕಪ್ಪು ಕುಟುಂಬಗಳು ಚೆರ್ರಿ ಕೌಂಟಿಯ ನಾರ್ತ್ ಲೂಪ್ ನದಿ ದಂಡೆಯಲ್ಲಿ ಬಂದು ನೆಲೆಸಿದವು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾಗೆ ಹೋಗಿ, ಆಮೇಲೆ ವಾಪಸ್ ಬಂದವರ ಮನೆತನಗಳೂ ಅದರಲ್ಲಿದ್ದವು. ಚರ್ಚು, ಶಾಲೆ, ಅಂಚೆ ಕಚೇರಿ, ಬೇಸ್‌ಬಾಲ್ ತಂಡ ಎಲ್ಲ ಇತ್ತು. ಆಮೇಲೆ ಊರಿನ ಹೆಸರು ಅಡೇಶಸ್ ಅಂತ ಬದಲಾಯಿತು. ಧೈರ್ಯಶಾಲಿ ಅಂತ ಅರ್ಥ, ಎಂಥ ಹೆಸರು ನೋಡಿ! 1930ರ ದಶಕದಲ್ಲಿ ಅದೂ ಖಾಲಿಯಾಯಿತು. 83ನೇ ಹೆದ್ದಾರಿಯಲ್ಲಿ ಒಂದು ಫಲಕ ಇದೆ, ಅಷ್ಟೇ.

ಬಾವಿಟೇಪು:
ಅಕ್ಕಾ, ತಪ್ಪಾಯ್ತು. ನೀವು ಹೇಳಿದ ಮೇಲೆ ಇನ್ನೊಂದು ನೆನಪಾಯಿತು. ಫೋರ್ಟ್ ನಯೋಬ್ರಾರಾದಲ್ಲಿ ಕಪ್ಪು ಸೈನಿಕರ 25ನೇ ಪದಾತಿ ದಳ ಇತ್ತು. 1906ರಲ್ಲಿ ಅಲ್ಲಿಂದ ಟೆಕ್ಸಸ್‌ನ ಬ್ರೌನ್ಸ್‌ವಿಲ್‌ಗೆ ಕಳಿಸಿದರು. ಹೋದ ಸ್ವಲ್ಪ ದಿನಕ್ಕೇ ಊರಲ್ಲಿ ಗುಂಡಿನ ಗಲಾಟೆ ಆಯಿತು, ಇವರ ಮೇಲೆ ಹೊರಿಸಿದರು. ವಿಚಾರಣೆಯೇ ಇಲ್ಲದೆ 167 ಜನರನ್ನು ವಜಾ ಮಾಡಿದ್ದು ಅದೇ ರೂಸ್ವೆಲ್ಟ್. ಬೇಲಿಯ ಕೇಸಿನಲ್ಲಿ ನ್ಯಾಯ ಬೇಕು ಅಂದವನಿಗೆ ಇಲ್ಲಿ ಬೇಡವಾಯಿತು. 1972ರಲ್ಲಿ ಸೈನ್ಯ ಆ ಆದೇಶ ರದ್ದು ಮಾಡಿತು.

ಕೋಟೆ ಖಾಲಿಯಾದ ಮೇಲೆ 1912ರಲ್ಲಿ ಅದು ವನ್ಯಧಾಮ ಆಯಿತು. ಯಾರೋ ದಾನ ಕೊಟ್ಟ, ಅಮೆರಿಕದ ಕಾಡುಕೋಣದಂಥ 6 ಬೈಸನ್‌ನಿಂದ ಅಲ್ಲಿನ ಹಿಂಡು ಶುರುವಾದದ್ದು.

ಒಮಾಹಾವಾಸಿ:
ಇಷ್ಟೆಲ್ಲ ಇತ್ತಾ! ನಾನು ಕ್ರೂಸ್ ಕಂಟ್ರೋಲ್ ಹಾಕಿ ಸುಮ್ನೆ ಓಡಿಸಿಕೊಂಡು ಹೋಗಿಬಿಟ್ಟೆ. ಅಕ್ಟೋಬರ್‌ನಲ್ಲಿ ಮತ್ತೆ ಹೋಗೋಣ ಅಂತಿದ್ದೇವೆ. ಏನು ನೋಡಬೇಕು, ಏನು ಹುಷಾರು?

ಬಾವಿಟೇಪು:
ಸ್ಮಿತ್ ಫಾಲ್ಸ್, ವನ್ಯಧಾಮದ ಬೈಸನ್. ವ್ಯಾಲೆಂಟೈನ್ ಹತ್ತಿರ ಹಳೇ ರೈಲು ಸೇತುವೆ ಈಗ ಕೌಬಾಯ್ ಟ್ರೇಲ್ ಎಂಬ ನಡಿಗೆ, ಸೈಕಲ್ ದಾರಿಯ ಭಾಗವಾಗಿದೆ, ಮೇಲೆ ನಿಂತು ನಯೋಬ್ರಾರಾ ನೋಡಿ. ಮೆರಿಮನ್ ಬಳಿ ಬೌರಿಂಗ್ ರ‍್ಯಾಂಚ್ ಇದೆ. ಅದರ ಒಡತಿ ಈವಾ ಬೌರಿಂಗ್ 1954ರಲ್ಲಿ ಸೆನೆಟ್‌ಗೆ ಹೋದ ನೆಬ್ರಾಸ್ಕದ ಮೊದಲ ಮಹಿಳೆ.

ವ್ಯಾಲೆಂಟೈನ್ ಬಿಡುವಾಗ ಟ್ಯಾಂಕ್ ತುಂಬಿಸಿ. ಒಳರಸ್ತೆಗಳಲ್ಲಿ ಡಾಂಬರು ಒಂದೇ ಕಾರಿನ ಅಗಲ. ಎದುರಿಗೆ ವಾಹನ ಬಂದರೆ ಇಬ್ಬರೂ ಒಂದೊಂದು ಚಕ್ರ ಹುಲ್ಲಿಗೆ ಇಳಿಸಬೇಕು. ರಸ್ತೆಗೆ ಅಡ್ಡ ಕಬ್ಬಿಣದ ಸರಳುಗಳ ತಡೆ ಬರುತ್ತದೆ, ಅಲ್ಲಿಯವರು ಆಟೋಗೇಟ್ ಅನ್ನುತ್ತಾರೆ. ದನ ದಾಟುವುದಿಲ್ಲ, ಕಾರು ದಾಟುತ್ತದೆ, ನಿಧಾನ ಹೋಗಿ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿದ್ದರೆ ಹಾಗೇ ಬಿಡಿ.

ಯಾರನ್ನಾದರೂ ನೋಡಲು ಹೋದರೆ "ಎಂಟು ಗಂಟೆಗೆ" ಅಂದಾಗ ಯಾರ ಎಂಟು ಅಂತ ಕೇಳಿಕೊಳ್ಳಿ. ನಾನು ಕೇಳದೆ ವ್ಯಾಲೆಂಟೈನ್‌ನಿಂದ ಮೆರಿಮನ್ ಕಡೆಯ ಒಂದು ರ‍್ಯಾಂಚಿಗೆ ಹೋಗಿ, ಒಂದು ಗಂಟೆ ಕಾರೊಳಗೇ ಕೂತಿದ್ದೆ. ಬಾಗಿಲ ಹೊರಗೆ ಅವರ ನಾಯಿ ಕಾಯುತ್ತಿತ್ತು.