ಲೆಕ್ಟಿನ್ ಸಂಶೋಧನೆಗೆ ಯುರೋಪಿನಲ್ಲಿ ಪಿಎಚ್.ಡಿ.: ಒಪ್ಪುವ ಮೊದಲು ಏನು ಕೇಳಬೇಕು?

ಪ್ರಶ್ನೆ, ಮೈಸೂರಿನಿಂದ: ಜೀವರಸಾಯನ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಹಲಸಿನ ಬೀಜದಿಂದ ಜಾಕಲಿನ್ ಎಂಬ ಲೆಕ್ಟಿನ್ (ಸಕ್ಕರೆಗೆ ಅಂಟುವ ಪ್ರೋಟೀನ್) ಬೇರ್ಪಡಿಸುವುದೇ ನನ್ನ ಪ್ರಾಜೆಕ್ಟ್ ಆಗಿತ್ತು. ಈಗ ಯುರೋಪಿಯನ್ ಒಕ್ಕೂಟದ ಹಣದಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ನಡೆಸುವ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್ ಒಂದರಿಂದ ಸಂದರ್ಶನಕ್ಕೆ ಕರೆ ಬಂದಿದೆ. ಪ್ರೋಟೀನುಗಳು ಸಕ್ಕರೆಯನ್ನು ಗುರುತಿಸುವ ಬಗೆಯೇ ವಿಷಯ, ಪ್ರಯೋಗಾಲಯ ಸ್ಪೇನ್‌ನಲ್ಲಿ. ಸಂಬಳ ಚೆನ್ನಾಗಿಯೇ ಕಾಣುತ್ತಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಗ್ರೆನೋಬಲ್‌ನಿಂದ: ಸಂಬಳದ ಮಾತು ಆಮೇಲೆ. ನಿಮಗೆ ಬೇಕಾದ ಸಕ್ಕರೆಯನ್ನು ತಯಾರಿಸಿಕೊಡುವವರು ಯಾರು, ಯಾವಾಗ ಕೊಡುತ್ತಾರೆ ಎಂದು ಮೊದಲು ಕೇಳಿ. ಡಿಎನ್‌ಎ ಆದರೆ ಪಿಸಿಆರ್‌ನಲ್ಲಿ ಬೇಕಾದಷ್ಟು ಮಾಡಿಕೊಳ್ಳಬಹುದು, ಪ್ರೋಟೀನನ್ನು ಬ್ಯಾಕ್ಟೀರಿಯಾದಿಂದ ಪಡೆಯಬಹುದು. ಸಕ್ಕರೆಯ ಸರಪಳಿಗೆ ಅಂಥ ಅಚ್ಚೇ ಇಲ್ಲ. ಒಂದೊಂದು ಕೊಂಡಿಯನ್ನೂ ರಾಸಾಯನಿಕವಾಗಿಯೋ ಕಿಣ್ವದಿಂದಲೋ ಕೂಡಿಸಬೇಕು. ಕವಲೊಡೆದ ಸರಪಳಿಯಾದರೆ ತಿಂಗಳುಗಟ್ಟಲೆ ಕೆಲಸ. ನೆಟ್‌ವರ್ಕ್‌ನಲ್ಲಿ ಈ ಹೊಣೆ ಹೆಚ್ಚಾಗಿ ಬೇರೆ ದೇಶದ ಇನ್ನೊಬ್ಬ ವಿದ್ಯಾರ್ಥಿಯದು, ಅವರೂ ನಿಮ್ಮೊಂದಿಗೇ ಸೇರಿದವರು. ಅವರ ಮೊದಲ ಕೆಲವು ಮಿಲಿಗ್ರಾಂ ಬರುವ ತನಕ ನೀವು ಏನನ್ನು ಅಳೆಯುತ್ತೀರಿ? ನನ್ನ ಜೊತೆಗಾರನೊಬ್ಬನ ಎರಡನೆಯ ವರ್ಷ ಹೀಗೆ ಕಾಯುವುದರಲ್ಲೇ ಕಳೆಯಿತು. ಮಾರುಕಟ್ಟೆಯಲ್ಲಿ ಸಿಗುವ ಚಿಕ್ಕ ಸಕ್ಕರೆಗಳಿಂದಲೇ ಆರಂಭಿಸಬಲ್ಲ ಯೋಜನೆಯಾದರೆ ಧೈರ್ಯವಾಗಿ ಒಪ್ಪಿಕೊಳ್ಳಿ.

ಉಪಕರಣಗಳ ಬಗ್ಗೆಯೂ ವಿಚಾರಿಸಿ. ಒಂಟಿ ಸಕ್ಕರೆ ಲೆಕ್ಟಿನ್‌ಗೆ ಅಂಟುವುದು ಬಹಳ ಸಡಿಲವಾಗಿ, ಎಷ್ಟೋ ಸಲ ಮಿಲಿಮೋಲಾರ್ ಮಟ್ಟದಲ್ಲಿ, ಅಂದರೆ ಸಕ್ಕರೆಯ ದ್ರಾವಣ ಗಾಢವಾಗಿದ್ದರೆ ಮಾತ್ರ. ಸಕ್ಕರೆಯ ಯಾವ ಭಾಗ ಪ್ರೋಟೀನಿಗೆ ತಾಗುತ್ತದೆಂದು ಕಾಂತಕ್ಷೇತ್ರದಲ್ಲಿಟ್ಟು ನೋಡುವ ಎಸ್‌ಟಿಡಿ ಎನ್‌ಎಂಆರ್ ವಿಧಾನ ಇಂಥ ನಂಟಿಗೆ ಹೇಳಿ ಮಾಡಿಸಿದ್ದು, ಪ್ರೋಟೀನೂ ಸ್ವಲ್ಪ ಸಾಕು. ಐಟಿಸಿ ಎಂಬ ಇನ್ನೊಂದು ವಿಧಾನ ಅಂಟುವಾಗಿನ ಶಾಖವನ್ನು ನೇರವಾಗಿ ಅಳೆಯುತ್ತದೆ, ಆದರೆ ಮಾದರಿಯನ್ನು ಧಾರಾಳವಾಗಿ ನುಂಗುತ್ತದೆ. ನಿಮ್ಮ ಪ್ರಯೋಗಾಲಯ ಬಿಲ್ಬಾವೊದ ಸಿಐಸಿ ಬಯೋಗೂನೆ ಸಂಶೋಧನಾ ಕೇಂದ್ರದ್ದಾಗಿದ್ದರೆ ಎನ್‌ಎಂಆರ್ ಚಿಂತೆ ಬೇಡ, ಅವರು ಅದರಲ್ಲಿ ಗಟ್ಟಿಗರು.

ನೆದರ್‌ಲೆಂಡ್ಸ್‌ನ ಲೈಡನ್‌ನಿಂದ: ಜಾಹೀರಾತಿನ ಮೊತ್ತ ಕೈಗೆ ಬರುವ ಮೊತ್ತವಲ್ಲ. ಸಂಸ್ಥೆ ಕಟ್ಟಬೇಕಾದ ಸಾಮಾಜಿಕ ಭದ್ರತೆಯ ಪಾಲನ್ನೂ ಅದರಿಂದಲೇ ಕಳೆಯುತ್ತಾರೆ. ಆಮೇಲೆ ನಿಮ್ಮ ಪಾಲು, ತೆರಿಗೆ. ನಿವ್ವಳ ಎಷ್ಟು ಎಂದು ಸಿಬ್ಬಂದಿ ವಿಭಾಗಕ್ಕೆ ಬರೆದು ಕೇಳಿ, ಸಂಕೋಚ ಬೇಡ. ಯುರೋಪಿನ ಹಣ ಸಾಮಾನ್ಯವಾಗಿ 36 ತಿಂಗಳಿಗೆ ಮಾತ್ರ. ಇಲ್ಲಿ ಪಿಎಚ್.ಡಿ. ಎಂದರೆ ನಾಲ್ಕು ವರ್ಷದ ಲೆಕ್ಕ, ಹಾಗಾಗಿ ಕೊನೆಯ ವರ್ಷದ ಸಂಬಳ ಯಾರದೆಂದು ನಾನು ಒಪ್ಪಂದದಲ್ಲೇ ಬರೆಸಿಕೊಂಡೆ. ಇನ್ನು, ಸೇರುವ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಪ್ರಯೋಗಾಲಯವಿರುವ ದೇಶದಲ್ಲೇ ಇದ್ದವರನ್ನು ಈ ಹುದ್ದೆಗಳಿಗೆ ತೆಗೆದುಕೊಳ್ಳುವುದಿಲ್ಲ. ಜರ್ಮನಿಯಲ್ಲಿ ಓದಿದ ನನಗೆ ಜರ್ಮನಿಯ ಬಾಗಿಲು ಮುಚ್ಚಿದ್ದು ಹೀಗೆ. ನಿಮಗೆ ಆ ತೊಡಕಿಲ್ಲ.

ಬೆಂಗಳೂರಿನಿಂದ: ಜಾಕಲಿನ್ ಮಾತನ್ನು ನೀವಾಗಿಯೇ ಎತ್ತಿ. ಅದರ ಸ್ಫಟಿಕ ರಚನೆಯನ್ನು 1996ರಲ್ಲಿ ಪ್ರಕಟಿಸಿದ್ದು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡ. ಲೆಕ್ಟಿನ್ ಕ್ಷೇತ್ರದವರಿಗೆ ಅದು ಹೊಸದೇನಲ್ಲ. ಗ್ಯಾಲಕ್ಟೋಸ್‌ಗೆ ಅಂಟುತ್ತದೆ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಅದನ್ನು ಹೇಗೆ ತೋರಿಸಿದಿರಿ, ಅಂಟದ ಯಾವ ಸಕ್ಕರೆಯನ್ನು ಹೋಲಿಕೆಗೆ ಇಟ್ಟಿರಿ ಎಂದು ಕೇಳಿಯೇ ಕೇಳುತ್ತಾರೆ.

ಮೈಸೂರಿನಿಂದ: ಎಲ್ಲರಿಗೂ ಧನ್ಯವಾದಗಳು. ಪಿಎಚ್.ಡಿ. ನಡುವೆ ಆರು ತಿಂಗಳು ಬ್ರಿಟನ್ನಿನ ಕಂಪನಿಯೊಂದರಲ್ಲಿ ಕೆಲಸ ಎಂದೂ ಜಾಹೀರಾತಿನಲ್ಲಿ ಬರೆದಿದ್ದಾರೆ.

ಗ್ರೆನೋಬಲ್‌ನಿಂದ: ಸ್ಪೇನ್‌ನ ವಾಸದ ಪರವಾನಗಿ ಬ್ರಿಟನ್ನಿನಲ್ಲಿ ನಡೆಯುವುದಿಲ್ಲ, ಬೇರೆಯೇ ವೀಸಾ ಬೇಕು. ಅದರ ಶುಲ್ಕ ಯಾರು ಕೊಡುತ್ತಾರೆ, ಅರ್ಜಿ ಯಾವಾಗ ಹಾಕಬೇಕು ಎಂಬುದನ್ನೂ ಸಂದರ್ಶನದಲ್ಲೇ ಕೇಳಿಬಿಡಿ.